ಮದುವೆ ಯಾರದು ಎಂದು ಕೇಳು

ಅಕ್ಕೋರಿಗೆ ಪತ್ರ: ಓದುಗರ ಪ್ರಶ್ನೆಗಳಿಗೆ ನಿವೃತ್ತ ಇತಿಹಾಸ ಶಿಕ್ಷಕಿಯ ಉತ್ತರ

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೇನೆ. ದೀಪಾವಳಿ ಮುಗಿದ ವಾರ ನಮ್ಮ ಅಜ್ಜಿ ತೀರಿಕೊಂಡರು. ಅವರ ಸೀರೆಗಳನ್ನು ಅತ್ತೆಯರಿಗೆ ಹಂಚಲು ಅವ್ವ ಟ್ರಂಕು ತೆರೆದಾಗ, ತಳಕ್ಕೆ ಹಾಸಿದ್ದ ಪತ್ರಿಕೆಯ ಕೆಳಗೆ ನಾಲ್ಕು ಮಡಿಕೆಯ ಒಂದು ಕಾಗದ ಸಿಕ್ಕಿತು. ಇಂಗ್ಲಿಷ್‌ನಲ್ಲಿ ಅಚ್ಚಾಗಿತ್ತು. ಅದರಲ್ಲಿ ಅಜ್ಜಿಯ ಅಪ್ಪನ ಹೆಸರು, ಒಂದು ನಂಬರು, ವಯಸ್ಸು 26, ಹೆಬ್ಬೆರಳಿನ ಗುರುತು ಇದ್ದವು. ಮೇಲೆ ‘ಕ್ರಿಮಿನಲ್ ಟ್ರೈಬ್ಸ್’ ಎಂದಿತ್ತು. ಹುಬ್ಬಳ್ಳಿ ಸೆಟ್ಲಮೆಂಟಿನಿಂದ ಗದಗಕ್ಕೆ ಹೋಗಲು ಮೂರು ದಿನದ ಅನುಮತಿ, 1944. ಕಾರಣದ ಜಾಗದಲ್ಲಿ ಮಸಿಯಲ್ಲಿ ಬರೆದದ್ದನ್ನು ಬಹಳ ಹೊತ್ತು ನೋಡಿದ ಮೇಲೆ ‘ತಂಗಿಯ ಮದುವೆ’ ಎಂಬ ಅರ್ಥದ ಮಾತು ಎಂದು ತಿಳಿಯಿತು.

ಮೊಬೈಲ್‌ನಲ್ಲಿ ಹುಡುಕಿದೆ. ಹುಟ್ಟಿನಿಂದಲೇ ಅಪರಾಧಿಗಳು ಎಂದು ಸರ್ಕಾರ ಪಟ್ಟಿ ಮಾಡಿದ್ದ ಜಾತಿಗಳು ಎಂದು ಬಂದಿತು. ಅದರಲ್ಲಿ ನಮ್ಮ ಕೊರವರ ಹೆಸರೂ ಇತ್ತು. ಅಪ್ಪ ಕೆಲಸದಿಂದ ಬಂದವರೇ ಕಾಗದ ಕಸಿದುಕೊಂಡು, ‘ಇದನ್ನು ಯಾರಿಗೂ ತೋರಿಸಬೇಡ, ಇನ್ನು ಇದರ ಮಾತು ಬೇಡ’ ಎಂದರು. ನಮ್ಮ ಹಿರಿಯರು ಗಿರಣಿ ಕೆಲಸಕ್ಕೆ ಹುಬ್ಬಳ್ಳಿಗೆ ಬಂದವರು ಎಂದಷ್ಟೇ ಅವರು ಇಷ್ಟು ವರ್ಷ ಹೇಳುತ್ತಿದ್ದರು. ನಮ್ಮ ಅಡ್ಡಹೆಸರೂ ಒಂದು ಊರಿನ ಹೆಸರು, ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಎರಡು ವಾರದ ಹಿಂದೆ ತರಗತಿಯಲ್ಲಿ ಒಬ್ಬಳ ಇನ್ನೂರು ರೂಪಾಯಿ ಕಳೆಯಿತು. ಎಲ್ಲರ ಚೀಲ ನೋಡಿದರು. ನಾನು ತೆಗೆದುಕೊಂಡಿರಲಿಲ್ಲ, ಆದರೂ ಚೀಲ ತೆರೆಯುವಾಗ ನನ್ನ ಕೈ ನಡುಗಿತು. ಈಗ ಶಾಲೆಯಲ್ಲಿ ‘ನಮ್ಮ ಮನೆತನದ ಇತಿಹಾಸ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಒಬ್ಬಳ ಮುತ್ತಜ್ಜ ದೇಸಾಯರಂತೆ, ಇನ್ನೊಬ್ಬಳ ಮುತ್ತಜ್ಜ ಜೈಲಿಗೆ ಹೋದ ಸ್ವಾತಂತ್ರ್ಯ ಹೋರಾಟಗಾರರಂತೆ. ನಾನು ಏನು ಬರೆಯಲಿ? ನಾವು ಕಳ್ಳರಾಗಿದ್ದೆವೇ?

ಇನ್ನೊಂದು ಮಾತು. ಅಜ್ಜಿ ಪ್ರತಿದಿನ ದೀಪ ಹಚ್ಚುವ ಹೊತ್ತಿಗೆ ಮನೆಯವರನ್ನೆಲ್ಲ ಎಣಿಸಿ ‘ಎಲ್ಲರೂ ಹಾಜರ್?’ ಎನ್ನುತ್ತಿದ್ದರು. ಕಾಕಾನಿಗೆ ಮದುವೆಯಾಗಿ ಮಕ್ಕಳಾದ ಮೇಲೂ ಅವರನ್ನು ಬಿಡುತ್ತಿರಲಿಲ್ಲ. ನಾನು ಅದನ್ನು ಆಟ ಎಂದುಕೊಂಡಿದ್ದೆ.
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಮಗಳೇ, ಮೊದಲು ನಿನ್ನ ಕೈ ನಡುಗಿದ ವಿಷಯ. ಆ ಕಾಗದವನ್ನು ನೀನು ನೋಡಿ ಕೆಲವು ವಾರಗಳಾಗಿದ್ದವು, ಅಷ್ಟೇ. ಕೆಲವೇ ವಾರಗಳಲ್ಲಿ ನಿನ್ನ ಕೈಗೆ ಇಷ್ಟು ಮಾಡಿದ ಆ ಎರಡು ಶಬ್ದಗಳು, ಜೀವಮಾನವಿಡೀ ಅವುಗಳ ಜೊತೆ ಬದುಕಿದ ಅಜ್ಜಿಗೆ, ಅವರ ಮಡಿಲಲ್ಲಿ ಬೆಳೆದ ಅಪ್ಪನಿಗೆ ಏನು ಮಾಡಿರಬೇಕು ಎಂದು ಯೋಚಿಸು. ಅಪ್ಪ ಕಾಗದ ಕಸಿದುಕೊಂಡದ್ದು ನಿನ್ನ ಮೇಲಿನ ಸಿಟ್ಟಿಗೆ ಎಂದು ನನಗೆ ಅನಿಸುವುದಿಲ್ಲ. ಚೀಲ ತೆರೆಯುವಾಗ ಮಗಳ ಕೈ ನಡುಗಬಾರದು ಎಂದೇ ಅವರು ಇಷ್ಟು ವರ್ಷ ಸುಮ್ಮನಿದ್ದರು.

‘ನಾವು ಕಳ್ಳರಾಗಿದ್ದೆವೇ?’ ಎಂದು ಕೇಳಿದ್ದೀಯೆ. ನಿನ್ನನ್ನು ಸಮಾಧಾನಪಡಿಸಲು ‘ಇಲ್ಲವೇ ಇಲ್ಲ’ ಎಂದು ಬರೆದುಬಿಡಬಹುದಿತ್ತು. ಹಾಗೆ ಬರೆಯುವುದಿಲ್ಲ. ನಿನ್ನ ಮುತ್ತಜ್ಜ ಜೀವನದಲ್ಲಿ ಒಂದು ಹೊಲದ ಜೋಳದ ತೆನೆಯನ್ನೂ ಮುರಿದಿರಲಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ. ನನ್ನ ಮುತ್ತಜ್ಜನ ಬಗ್ಗೆಯೂ ಮಾಡಲಾರೆ. ವ್ಯತ್ಯಾಸ ಏನೆಂದರೆ, ನನ್ನ ಮುತ್ತಜ್ಜನನ್ನು ಹಿಡಿಯಬೇಕಾದರೆ ಅವನು ಕದ್ದದ್ದನ್ನು ಸರ್ಕಾರ ತೋರಿಸಬೇಕಾಗಿತ್ತು. ನಿನ್ನ ಮುತ್ತಜ್ಜನ ವಿಷಯದಲ್ಲಿ ಅದರ ಅಗತ್ಯವೇ ಇರಲಿಲ್ಲ. ಅವನು ಯಾರ ಹೊಟ್ಟೆಯಲ್ಲಿ ಹುಟ್ಟಿದನೆಂಬುದೇ ಸಾಕಾಗಿತ್ತು. ಅವರು ಸಾಬೀತು ಮಾಡದೇ ಹೋದದ್ದನ್ನು ನೀನು ಈಗ ಕುಳಿತು ಅಲ್ಲಗಳೆಯಬೇಕಾಗಿಲ್ಲ. ಇದೊಂದು ಮಾತನ್ನು ಗಟ್ಟಿಯಾಗಿ ಹಿಡಿದುಕೋ.

ಆ ಕಾಗದದ ಹಿಂದಿನ ಕಾನೂನು ಬಂದದ್ದು 1871ರಲ್ಲಿ. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ, ಈ ದೇಶದಲ್ಲಿ ಕಳ್ಳತನವೂ ಜಾತಿಯ ಕಸುಬೇ ಎಂಬುದು ಆ ಮಸೂದೆಯನ್ನು ಮಂಡಿಸಿದವರ ತರ್ಕ. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಅದು 1911ರಲ್ಲಿ ನಮ್ಮ ಧಾರವಾಡ ಜಿಲ್ಲೆಯಿದ್ದ ಮುಂಬೈ ಪ್ರಾಂತಕ್ಕೂ ಬಂದಿತು. 1924ರಲ್ಲಿ ಮತ್ತೆ ಹೊಸದಾಗಿ ಬರೆಯಲ್ಪಟ್ಟಿತು. ಒಂದು ಸಮುದಾಯವನ್ನು ‘ಅಪರಾಧಿ ಬುಡಕಟ್ಟು’ ಎಂದು ಸರ್ಕಾರ ಸಾರಿದರೆ, ಅದು ಸರಿಯೇ ಎಂದು ನ್ಯಾಯಾಲಯ ಕೇಳುವಂತಿರಲಿಲ್ಲ. ಹೆಸರು ನೋಂದಾಯಿಸಿ, ಬೆರಳಚ್ಚು ತೆಗೆದುಕೊಂಡು, ಊರು ಬಿಡಲು ಪಾಸು ಮಾಡಿದರು. ಬೇಕೆನಿಸಿದರೆ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಇಡುವ ಅಧಿಕಾರವೂ ಆ ಕಾನೂನಿನಲ್ಲಿತ್ತು. ವಿಜಯಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಮುಳ್ಳುತಂತಿಯ ಬೇಲಿ ಹಾಕಿ ಇಂಥವರನ್ನು ಕೂಡಿಹಾಕಿದ ಜಾಗಗಳೇ ಸೆಟ್ಲಮೆಂಟುಗಳು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆಟೋದವರಿಗೆ ‘ಸೆಟ್ಲಮೆಂಟ್’ ಎಂದರೆ ಸಾಕು, ಕರೆದುಕೊಂಡು ಹೋಗುತ್ತಾರೆ. ಆ ಹೆಸರು ಎಲ್ಲಿಂದ ಬಂದಿತೆಂದು ನಾನು ನಡುವಯಸ್ಸಿನವರೆಗೂ ಕೇಳಿರಲಿಲ್ಲ. ಇತಿಹಾಸದ ಶಿಕ್ಷಕಿಯಾಗಿದ್ದೂ ಕೇಳಿರಲಿಲ್ಲ.

ಗಿರಣಿಗಳಿಗೂ ರೈಲ್ವೆಗೂ ಕೂಲಿಯವರು ಬೇಕಾಗಿದ್ದರು. ಸೆಟ್ಲಮೆಂಟುಗಳನ್ನು ಹೆಚ್ಚಾಗಿ ಅಂಥ ಕೆಲಸ ಇರುವಲ್ಲಿಯೇ ಮಾಡಿದರು. ಗಿರಣಿ ಕೆಲಸಕ್ಕೆ ಬಂದವರು ಎಂದು ನಿನ್ನ ಅಪ್ಪ ಹೇಳಿದ್ದು ಸುಳ್ಳಲ್ಲ. ಅರ್ಧ ಹೇಳಿದರು. ಬಂದರೋ, ತಂದರೋ ಎಂಬುದು ಉಳಿದ ಅರ್ಧ.

ಅದಕ್ಕೂ ಮೊದಲು ನಿಮ್ಮವರು ಏನು ಮಾಡುತ್ತಿದ್ದರು ಎಂಬುದನ್ನು ನೀನು ಪ್ರಾಜೆಕ್ಟಿನಲ್ಲಿ ಬರೆಯಲೇಬೇಕು. ಎತ್ತು, ಕತ್ತೆಗಳ ಮೇಲೆ ಉಪ್ಪು ಮತ್ತು ಧಾನ್ಯ ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದವರಲ್ಲಿ ಕೊರವರೂ ಇದ್ದರು. ಬುಟ್ಟಿ ಹೆಣೆದರು, ಹಗ್ಗ ಹೊಸೆದರು, ಮದುವೆಯ ಮನೆಗಳಲ್ಲಿ ಶಹನಾಯಿ ಊದಿದರು. ಅವರ ಹೆಂಗಸರು ಕಣಿ ಹೇಳಿದರು, ಹಚ್ಚೆ ಹಾಕಿದರು. ನಮ್ಮ ಯಕ್ಷಗಾನ, ಜನಪದಗಳಲ್ಲಿ ಬುಟ್ಟಿ ಹೊತ್ತು ಬರುವ ಕೊರವಂಜಿ ಬೇರೆ ಯಾರೂ ಅಲ್ಲ. ಸರ್ಕಾರ ಉಪ್ಪನ್ನು ತನ್ನ ಕೈಗೆ ತೆಗೆದುಕೊಂಡಿತು, ರೈಲು ಬಂದಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ನಮ್ಮ ಹುಬ್ಬಳ್ಳಿಯನ್ನು ಮುಟ್ಟಿದ ಮೇಲೆ ಎತ್ತಿನ ಹೇರಿಗೆ ಏನು ಬೆಲೆ? ಮೂವತ್ತೊಂದು ವರ್ಷ ನಾನು ರೈಲುಮಾರ್ಗಗಳ ಪಾಠ ಮಾಡಿದೆ, ಅವುಗಳ ಪ್ರಯೋಜನಗಳನ್ನು ಬೋರ್ಡಿನ ಮೇಲೆ ಬರೆಸಿದೆ. ಯಾರ ಎತ್ತಿನ ಬೆನ್ನಿನಿಂದ ಹೇರು ಇಳಿಯಿತು ಎಂಬ ಒಂದು ಸಾಲನ್ನು ಸೇರಿಸಲಿಲ್ಲ. ಹೇರು ಕಳೆದುಕೊಂಡು ಅಲೆದವರನ್ನೇ ಆ ಸರ್ಕಾರ ‘ಇವರಿಗೆ ನಿಶ್ಚಿತ ಕಸುಬಿಲ್ಲ, ಇವರನ್ನು ನಂಬಬಾರದು’ ಎಂದು ಬರೆದುಕೊಂಡಿತು.

ನಿನ್ನ ಗೆಳತಿಯರ ಮುತ್ತಜ್ಜಂದಿರ ಮುಂದೆ ನಿನ್ನ ಕಡೆ ಯಾರೂ ಇಲ್ಲ ಎಂದುಕೊಳ್ಳಬೇಡ. ಹನ್ನೆರಡನೇ ಶತಮಾನದ ಶರಣ ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದವನು. ಕೊರಮ, ಕೊರವ ಸಮುದಾಯದವರು ಅವನನ್ನು ತಮ್ಮ ಹಿರಿಯ ಎನ್ನುತ್ತಾರೆ. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಕೆರೆಗೆ ಜಾರಿ ಬಿದ್ದರೂ ಅವನು ಕೆಲಸ ನಿಲ್ಲಿಸಲಿಲ್ಲವಂತೆ. ಲಿಂಗವೇ ಅವನ ಬೆನ್ನು ಹತ್ತಿ ಬಂದು, ಕೊನೆಗೆ ಅವನಿಗಾಗಿ ಹಗ್ಗ ಮಾರಬೇಕಾಯಿತಂತೆ. ದೇವರಿಗೂ ದುಡಿಯಲು ಹೇಳಿದವನ ಕುಲಕ್ಕೆ ಕಸುಬಿಲ್ಲದವರು ಎಂಬ ಹೆಸರು ಹಚ್ಚಿದರಲ್ಲ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನು ಅಜ್ಜಿಯ ‘ಹಾಜರ್’. ನಿನ್ನ ಪತ್ರದಲ್ಲಿ ನಾನು ಮೂರು ಸಲ ಓದಿದ ಸಾಲು ಅದು. ಸೆಟ್ಲಮೆಂಟುಗಳಲ್ಲಿ ದಿನವೂ ಹಾಜರಿ ಇರುತ್ತಿತ್ತು. ಹೆಸರು ಕೂಗಿದಾಗ ಎದ್ದು ನಿಲ್ಲಬೇಕು, ತಪ್ಪಿದರೆ ಶಿಕ್ಷೆ. ಅಜ್ಜಿ ಆ ಬೇಲಿಯೊಳಗೆ ಚಿಕ್ಕ ಹುಡುಗಿಯಾಗಿದ್ದರೆಂದರೆ, ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಎಣಿಕೆಗೆ ಸಿಗಬೇಕು ಎಂಬ ದಿಗಿಲನ್ನು ಅವರು ಅಲ್ಲಿಯೇ ಕಲಿತಿರಬೇಕು. ಆದರೆ ನೋಡು, ಕಾವಲಿನವನು ತಪ್ಪಿಸಿಕೊಂಡವರನ್ನು ಹಿಡಿಯಲು ಎಣಿಸುತ್ತಿದ್ದ. ಅಜ್ಜಿ ಎಲ್ಲರೂ ಮನೆ ಮುಟ್ಟಿದರೆಂದು ತಿಳಿದು ಅನ್ನಕ್ಕೆ ಇಡಲು ಎಣಿಸುತ್ತಿದ್ದರು.

ನನ್ನದೂ ಒಂದು ಋಣ ಇದೆ, ಇಲ್ಲಿಯೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ‘ನಿಮ್ಮ ಅಜ್ಜ ಏನು ಮಾಡುತ್ತಿದ್ದರು?’ ಎಂದು ಕೇಳಿದೆ. ಎರಡನೆಯ ಸಾಲಿನ ಹುಡುಗಿಯೊಬ್ಬಳು ‘ಗೊತ್ತಿಲ್ಲ’ ಎಂದಳು. ಮನೆಯಲ್ಲಿ ಕೇಳಿಕೊಂಡು ಬಾ ಎಂದೆ. ಮರುದಿನವೂ ‘ಗೊತ್ತಿಲ್ಲ’ ಎಂದಳು. ಅಜ್ಜನ ಕೆಲಸ ಗೊತ್ತಿಲ್ಲದ ಮನೆ ಎಂಥದು ಎಂದು ಎಲ್ಲರ ಮುಂದೆ ಗದರಿಸಿ, ಅವಧಿ ಮುಗಿಯುವವರೆಗೆ ನಿಲ್ಲಿಸಿದೆ. ಅವಳ ಮನೆ ಸೆಟ್ಲಮೆಂಟಿನಲ್ಲಿತ್ತು ಎಂಬುದು ನನಗೆ ತಿಳಿಯುವ ಹೊತ್ತಿಗೆ ಅವಳು ಶಾಲೆ ಮುಗಿಸಿ ಹೋಗಿದ್ದಳು. ಅವಳಿಗೆ ಗೊತ್ತಿತ್ತು ಎಂದು ನನಗೆ ಈಗ ಅನಿಸುತ್ತದೆ. ಅವಳಿಗೆ ಬರೆಯಬೇಕಾಗಿದ್ದ ಪತ್ರವನ್ನು ನಿನಗೆ ಬರೆಯುತ್ತಿದ್ದೇನೆ.

ಅಪ್ಪನ ಜೊತೆ ಹೇಗೆ ಮಾತಾಡುವುದು? ‘ನಾವು ಕಳ್ಳರೇ’ ಎಂದು ಮಾತ್ರ ಆರಂಭಿಸಬೇಡ. ಅವರು ಜೀವನಪೂರ್ತಿ ಹೆದರಿದ ಪ್ರಶ್ನೆ ಅದು, ಅದನ್ನು ಮಗಳ ಬಾಯಿಂದ ಕೇಳಿದರೆ ಕದ ಮುಚ್ಚಿಕೊಳ್ಳುತ್ತಾರೆ. ಬದಲಿಗೆ, ಅವರು ಊಟ ಮಾಡಿ ಆರಾಮಾಗಿ ಕುಳಿತಾಗ, ‘ಅಪ್ಪಾ, ಆ ಮದುವೆ ಯಾರದು?’ ಎಂದು ಕೇಳು. ಆ ಕಾಗದದಲ್ಲಿ ಸರ್ಕಾರಕ್ಕೆ ಬೇಕಾದದ್ದು ನಂಬರು ಮತ್ತು ಹೆಬ್ಬೆಟ್ಟು. ನಿನ್ನ ಮುತ್ತಜ್ಜನಿಗೆ ಬೇಕಾಗಿದ್ದದ್ದು ತಂಗಿಯ ಮದುವೆ. ಈಗ ರೈಲಿನಲ್ಲಿ ಎರಡು ಗಂಟೆಯೂ ಆಗದ ಗದಗಕ್ಕೆ ಹೋಗಿ ತಂಗಿಗೆ ಅಕ್ಕಿಕಾಳು ಹಾಕಿ ಬರಲು ಅವನು ಅಧಿಕಾರಿಯ ಮುಂದೆ ನಿಂತು ಕೇಳಿದ್ದಾನೆ, ಪಡೆದಿದ್ದಾನೆ. ಆ ಪಾಸನ್ನು ಅವನ ಮಗಳು ತೀರಿಕೊಳ್ಳುವವರೆಗೂ ಸೀರೆಗಳ ಅಡಿಯಲ್ಲಿ ಇಟ್ಟುಕೊಂಡಿದ್ದಳು. ನಾಚಿಕೆಯ ವಸ್ತುವಾಗಿದ್ದರೆ ಒಲೆಗೆ ಹಾಕಿ ಎಷ್ಟೋ ಕಾಲವಾಗಿರುತ್ತಿತ್ತು. ಆ ಮದುಮಗಳ ಹೆಸರೇನು, ಅವಳ ಮಕ್ಕಳು ಗದಗದಲ್ಲಿದ್ದಾರೆಯೇ, ಮದುವೆಗೆ ಶಹನಾಯಿ ಊದಿದವರು ಯಾರು, ಇವನ್ನು ಕೇಳು. ಅಪ್ಪನಿಗೆ ಗೊತ್ತಿಲ್ಲದಿದ್ದರೆ ಅತ್ತೆಯರಿಗೆ ಗೊತ್ತಿರುತ್ತದೆ.

ಅವರ ಭಯ ಹಳೆಯ ಕಾಲದ್ದಷ್ಟೇ ಎಂದು ತಿಳಿಯಬೇಡ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರಲ್ಲಿ, ಈ ಕಾನೂನು ಇಡೀ ದೇಶದಿಂದ ತೊಲಗಿದ್ದು 1952ರ ಆಗಸ್ಟ್ 31ರಂದು. ಅದಕ್ಕೇ ಆ ದಿನವನ್ನು ವಿಮುಕ್ತ ದಿನ ಎಂದು ಆಚರಿಸುತ್ತಾರೆ. ಅದು ಹೋದ ಮೇಲೆ ರಾಜ್ಯಗಳಲ್ಲಿ ‘ರೂಢಿಗತ ಅಪರಾಧಿಗಳ’, ಅಂದರೆ ಪದೇ ಪದೇ ಅಪರಾಧ ಮಾಡುವವರೆಂದು ಗುರುತಿಸಿದವರ ಮೇಲೆ ಕಣ್ಣಿಡುವ ಕಾಯ್ದೆಗಳು ಬಂದವು. ನಮ್ಮ ರಾಜ್ಯದ್ದು 1961ರದು. ಎಲ್ಲಿ ಕಳವಾದರೂ ಪೊಲೀಸರು ಮೊದಲು ಅದೇ ಕೇರಿಗಳಿಗೆ ಬರುವುದು ನಿಲ್ಲಲಿಲ್ಲ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳಲ್ಲಿನ ಜಾತಿ ತಾರತಮ್ಯದ ವಿರುದ್ಧ ತೀರ್ಪು ಕೊಟ್ಟಾಗ, ವಿಮುಕ್ತ ಸಮುದಾಯದವರನ್ನು, ಅಂದರೆ ಆ ಹಳೆಯ ಪಟ್ಟಿಯಿಂದ ಬಿಡುಗಡೆಯಾದವರನ್ನು, ಮನಬಂದಂತೆ ಬಂಧಿಸದಂತೆ ಪೊಲೀಸರು ನೋಡಿಕೊಳ್ಳಬೇಕೆಂದು ಹೇಳಬೇಕಾಯಿತು. ಅಪ್ಪನ ಮುಂದೆ ಈ ತೀರ್ಪಿನ ವಿಷಯ ತೆಗೆ. ನೀನು ತಿಳಿದುಕೊಂಡು ಮಾತಾಡುತ್ತಿದ್ದೀಯೆ ಎಂದು ಅವರಿಗೆ ಗೊತ್ತಾಗಲಿ.

ಪ್ರಾಜೆಕ್ಟಿಗೆ ಅಜ್ಜಿಯಿಂದ ಆರಂಭಿಸು. ದೀಪದ ಹೊತ್ತು, ಎಣಿಕೆ, ‘ಎಲ್ಲರೂ ಹಾಜರ್?’. ಪಾಸಿನ ಚಿತ್ರ ಅಂಟಿಸುವುದು ಬಿಡುವುದು ನಿನ್ನ ಮತ್ತು ಅಪ್ಪನ ತೀರ್ಮಾನ. ಅವರು ಒಪ್ಪದಿದ್ದರೆ ಈ ವರ್ಷ ಬೇಡ. ಬರೆಯದೇ ಉಳಿದದ್ದು ಸುಳ್ಳಾಗುವುದಿಲ್ಲ. ಮಾರ್ಕಿನ ಸಲುವಾಗಿ ಮನೆಯವರನ್ನು ತರಗತಿಯ ಮುಂದೆ ನಿಲ್ಲಿಸಬೇಕಾಗಿಲ್ಲ. ಆದರೆ ಇಲ್ಲದ ದೇಸಾಯಿ ಮುತ್ತಜ್ಜನನ್ನು ಮಾತ್ರ ಕಟ್ಟಬೇಡ.

ಕಾಗದವನ್ನು ಲ್ಯಾಮಿನೇಷನ್ ಮಾಡಿಸಬೇಡ, ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡ. ಎರಡೂ ಕಾಗದವನ್ನು ತಿನ್ನುತ್ತವೆ. ಮಡಿಕೆ ಮೆಲ್ಲಗೆ ಬಿಡಿಸಿ, ಎರಡು ಬಿಳಿ ಹಾಳೆಗಳ ನಡುವೆ ಚಪ್ಪಟೆಯಾಗಿ ಇಡು. ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆ.

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕ. ಪ್ರತಿವರ್ಷ ಮಕ್ಕಳಿಂದ ವಂಶವೃಕ್ಷ ಬರೆಸುತ್ತೇನೆ. ಕಳೆದ ವರ್ಷ ಒಬ್ಬ ಹುಡುಗ ತಂದೆಯ ಕಡೆಯ ಪೆಟ್ಟಿಗೆಗಳನ್ನೆಲ್ಲ ಖಾಲಿ ಬಿಟ್ಟಿದ್ದ. ಈ ಚಟುವಟಿಕೆಯನ್ನೇ ಕೈಬಿಡಬೇಕೇ?

ಉತ್ತರ: ಕೈಬಿಡಬೇಡಿ ಸರ್, ಪ್ರಶ್ನೆಯನ್ನು ಬದಲಿಸಿ. ವಂಶವೃಕ್ಷದ ಪೆಟ್ಟಿಗೆಗಳು ತಂದೆ ಇರುವ, ಊರು ಇರುವ, ಹೊಲ ಇರುವ ಮನೆಗಳ ಅಳತೆಗೆ ಮಾಡಿದವು. ಅದರ ಬದಲು ‘ನಿಮ್ಮ ಮನೆಯ ಹಿರಿಯರೊಬ್ಬರ ಕೈಗೆ ಏನು ಮಾಡಲು ಬರುತ್ತದೆ?’ ಎಂದು ಕೇಳಿ. ಹಗ್ಗ, ರೊಟ್ಟಿ, ಅಡಿಕೆ ಸುಲಿಯುವುದು, ಕೌದಿ, ಬಸ್ಸಿನ ಎಂಜಿನ್ ರಿಪೇರಿ, ಏನಾದರೂ ಬರುತ್ತದೆ. ಯಾವ ಮಗುವಿನ ಹಾಳೆಯೂ ಖಾಲಿ ಉಳಿಯುವುದಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಬೇಕೇ ಎಂಬುದನ್ನು ಮಗುವೇ ಹೇಳಲಿ. ಆ ಹುಡುಗನಿಗೆ ಖಾಲಿ ಪೆಟ್ಟಿಗೆಗಳ ಬಗ್ಗೆ ನೀವು ಏನೂ ಕೇಳಿರಲಿಲ್ಲವೆಂದರೆ ಒಳ್ಳೆಯದೇ ಮಾಡಿದ್ದೀರಿ.

ಪ್ರಶ್ನೆ: ಸೊಲ್ಲಾಪುರದಲ್ಲಿ ನೆಲೆಸಿರುವ ಕನ್ನಡಿಗ ನಾನು, ವಯಸ್ಸು ಅರವತ್ತೆರಡು. ನನ್ನ ತಾಯಿ ಇಲ್ಲಿನ ಸೆಟ್ಲಮೆಂಟಿನಲ್ಲಿ ಹುಟ್ಟಿದವರು, ಈಗ ಎಂಬತ್ತೆಂಟು. ನಮ್ಮ ಅಜ್ಜ ಯಾವ ಊರಿನಿಂದ ಬಂದರೆಂದು ದಾಖಲೆಗಳಲ್ಲಿ ಹುಡುಕಬೇಕು. ಎಲ್ಲಿ ಸಿಗುತ್ತವೆ?

ಉತ್ತರ: 1956ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳೂ ಮುಂಬೈ ಆಡಳಿತದಲ್ಲಿದ್ದವು. ಹೀಗಾಗಿ ಹಳೆಯ ಸರ್ಕಾರಿ ಕಡತಗಳನ್ನು ಹುಡುಕಲು ಮೊದಲು ಹೋಗಬೇಕಾದದ್ದು ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ. ಮುಂಬೈ ಪ್ರಾಂತದ ಸೆಟ್ಲಮೆಂಟುಗಳ ಉಸ್ತುವಾರಿಗೆ ಸ್ಟಾರ್ಟ್ ಎಂಬ ಐಸಿಎಸ್ (ಬ್ರಿಟಿಷ್ ಕಾಲದ ಉನ್ನತ ಆಡಳಿತ ಸೇವೆ) ಅಧಿಕಾರಿ ಇದ್ದ. 1928ರಲ್ಲಿ ಶೋಷಿತ ವರ್ಗಗಳ ಸ್ಥಿತಿಗತಿ ತಿಳಿಯಲು ನೇಮಕವಾದ, ಡಾ. ಅಂಬೇಡ್ಕರ್ ಸದಸ್ಯರಾಗಿದ್ದ ಸಮಿತಿಗೂ ಅವನೇ ಅಧ್ಯಕ್ಷ. ಸೆಟ್ಲಮೆಂಟುಗಳ ಬಗ್ಗೆ ಆಗ ವಾರ್ಷಿಕ ವರದಿಗಳು ಅಚ್ಚಾಗುತ್ತಿದ್ದವು. ಅವುಗಳಲ್ಲಿ ನಿಮ್ಮ ಅಜ್ಜನ ಹೆಸರನ್ನು ನಿರೀಕ್ಷಿಸಬೇಡಿ. ಲೆಕ್ಕಗಳು, ಜಾತಿಗಳು, ಸುಧಾರಣೆಯ ಹೆಮ್ಮೆ ಇರುತ್ತವೆ. ಹೆಸರುಗಳಿಗಾಗಿ ಸೆಟ್ಲಮೆಂಟಿನ ಮಕ್ಕಳು ಓದಿದ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ನೋಡಿ. ತಾಯಿಯ ಅಥವಾ ಅವರ ಅಣ್ಣತಮ್ಮಂದಿರ ಹೆಸರಿನ ಎದುರು ಹುಟ್ಟೂರು ಬರೆದಿರುವ ಸಾಧ್ಯತೆ ಅಲ್ಲಿ ಹೆಚ್ಚು.

ಮುಂಬೈಗೆ ಸಿದ್ಧೇಶ್ವರ ಎಕ್ಸ್‌ಪ್ರೆಸ್ ದಿನವೂ ರಾತ್ರಿ ಹೊರಡುತ್ತದೆ. ಪತ್ರಾಗಾರ ಮುಂದಿನ ತಿಂಗಳೂ ಅಲ್ಲಿಯೇ ಇರುತ್ತದೆ. ಎಂಬತ್ತೆಂಟರ ತಾಯಿ ಪಕ್ಕದ ಕೋಣೆಯಲ್ಲಿದ್ದಾರೆ. ಇವತ್ತು ಮಧ್ಯಾಹ್ನ ಅವರು ಮಲಗುವ ಮೊದಲು ಮೊಬೈಲ್‌ನಲ್ಲಿ ಧ್ವನಿಮುದ್ರಣ ಆರಂಭಿಸಿ, ಅವರ ಅವ್ವ ಬೀಸುವಾಗ ಯಾವ ಹಾಡು ಹಾಡುತ್ತಿದ್ದರೆಂದು ಕೇಳಿ. ಬೀಸುವ ಹಾಡುಗಳಲ್ಲಿ ತವರೂರಿನ ಹೆಸರು ಬರುವುದುಂಟು.